ಹಿಡಿಕೆಯ ಅಳತೆ

ಅತ್ತೆ,

ನಿಮಗೆ ಓದಲು ಬರುವುದಿಲ್ಲ. ಯಾವ ಕಾಗದ ಬಂದರೂ ಓದಿ ಹೇಳುವವಳು ನಾನೇ. ಹಾಗಾಗಿ ಇದನ್ನು ಕಳಿಸುವ ಮಾತಿಲ್ಲ.

ಬಚ್ಚಲುಮನೆಯ ಕೆಲಸ ಇವತ್ತು ಮುಗಿಯಬೇಕಿತ್ತು. ಜಾರದ ಟೈಲ್ಸ್, ಗೀಸರ್, ನಿಮ್ಮ ಮಂಡಿನೋವಿಗೆಂದು ಅಲ್ಲೇ ಮೂಲೆಯಲ್ಲಿ ಕಮೋಡ್. ಅದನ್ನು ಕೂರಿಸಿದ ದಿನವೇ ನೀವು, "ಕಕ್ಕಸಿನ ಮುಂದ ಕುಂತು ಮೈ ತೊಳಕಂಡು ದೇವ್ರ ಮುಂದ ಹೆಂಗ ನಿಂದರ್ಲಿ?" ಎಂದು ಚೀಲ ಹಿಡಿದು ಕಾನಹೊಸಹಳ್ಳಿಯ ಮಗಳ ಮನೆಗೆ ಹೊರಟಿರಿ. ನಡುವೆ ಗೋಡೆ ಎಬ್ಬಿಸೋಣವೆಂದರೆ ಜಾಗವಿಲ್ಲ. ಕಿತ್ತುಹಾಕಿದರೆ ಅದೇ ಮಂಡಿಯಲ್ಲಿ ನೀವು ಮತ್ತೆ ಹಿತ್ತಲಿನ ಕೊನೆಯವರೆಗೆ ನಡೆಯಬೇಕು.

ಉಳಿದದ್ದು ನೀವು ಹಿಡಿದು ಏಳಲೆಂದು ಗೋಡೆಗೆ ಹಾಕುವ ಸ್ಟೀಲ್ ಹಿಡಿಕೆಯೊಂದೇ. ಟೈಲ್ಸ್ ಕೆಲಸದ ಅಮ್ಜದ್ ಡ್ರಿಲ್ ಹಿಡಿದು ನಿಂತು, "ಅವ್ವಾರನ್ನ ಕರೀರಿ, ಕೈ ಎಲ್ಲಿಗಿ ಬರ್ತೈತಿ ನೋಡಿ ತೂತು ಹಾಕ್ತೀನಿ" ಎಂದ.

"ಮಗಳ ಮನಿಗಿ ಹೋಗ್ಯಾರ."

"ಯಾವಾಗ ಬರ್ತಾರ್ರಿ?"

ನಾನು ಇವತ್ತಿನ ಕೂಲಿ ಎಣಿಸಿ ಕೊಟ್ಟೆ. ಅವನು ಹಿಡಿಕೆಯನ್ನು ಕಿಟಕಿಯಲ್ಲಿಟ್ಟು ಹೋದ.

ಸಂಜೆ, ಹಿತ್ತಲಲ್ಲಿ ಬೋರಲು ಹಾಕಿದ್ದ ನೀವು ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಬಚ್ಚಲುಮನೆಗೆ ತಂದೆ. ಇಡಲು ಜಾಗವಿರಲಿಲ್ಲ. ಅದರ ಒಲೆಯಿದ್ದ ಮೂಲೆಯಲ್ಲೇ ಕಮೋಡ್ ಕೂತಿದೆ.