ಎರಡನೇ ಸಾಲಿನ ಉಸಿರು

ಮನೆಯಿಂದ,
೧೪ನೇ ತಾರೀಖು, ಮಂಗಳವಾರ ಮಧ್ಯಾಹ್ನ

ಮುದ್ದು ಮಗಳೇ,

ಗಂಟಲು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯಾ, ಇಲ್ಲ ನಿನ್ನಪ್ಪನ ಹಾಗೆ ಹೂಂ ಹೂಂ ಅಂದು ತಣ್ಣೀರೇ ಕುಡಿಯುತ್ತಿದ್ದೀಯಾ? ಮಂಡಿನೋವು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ನೀನು ಫೋನಿನಲ್ಲಿ ಅತ್ತಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಒಗೆದು ಒಣಗಿದ ಬಟ್ಟೆಯನ್ನೇ ಮತ್ತೆ ನೆನೆಹಾಕಿದೆ. ನೀನು ಸ್ಟುಡಿಯೋದಲ್ಲಿ ಹೊಸದಾಗಿ ಹಾಡುತ್ತಿರುವ ಆ ಹಳೆಯ ಪ್ರೇಮಗೀತೆಯ ಎರಡನೇ ಸಾಲಿನ ನಡುವೆ ಉಸಿರೆಳೆದು ನಿಲ್ಲುವ ಜಾಗ ಮೂವತ್ತು ಸಲ ಹಾಡಿದರೂ ಕೂಡಿಬರಲಿಲ್ಲ, ನಾಳೆಯೂ ಬರದಿದ್ದರೆ ಸಂಗೀತ ನಿರ್ದೇಶಕರು ಬೇರೆ ಹುಡುಗಿಯನ್ನು ಕರೆಸುತ್ತಾರೆ ಅಂದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಟೈಲರ್ ಸಂಜೆ ಬಸ್ಸಿಗೆ ನಿಮ್ಮೂರಿಗೇ ಹೊರಟಿದ್ದಾರೆ, ಅವರ ಕೈಲಿ ಕಳಿಸುತ್ತೇನೆ.

ಆ ಹಾಡನ್ನು ಎಷ್ಟು ಜನ ಹಾಡಿಲ್ಲ ಹೇಳು. ಮೊದಲು ಆ ದೊಡ್ಡ ಗಾಯಕಿ, ಆಮೇಲೆ ವಾದ್ಯಗೋಷ್ಠಿಯವರು, ಆಮೇಲೆ ಡ್ರಮ್ ಬಡಿದು ಕುಣಿಸಿದವರು. ಸೋಪಿನ ಜಾಹೀರಾತಿಗೂ ಬಂತು. ಈಗ ಬ್ಯಾಂಕಿಗೆ ಫೋನ್ ಮಾಡಿ ಕಾಯುವಾಗಲೂ ಅದೇ, ಪಿಟೀಲಿನಲ್ಲಿ. ತಾಳ ಬದಲಾಯಿತು, ಶ್ರುತಿ ಬದಲಾಯಿತು, ಒಬ್ಬ ಮಹಾನುಭಾವ ಅರ್ಧ ಪಲ್ಲವಿಯನ್ನೇ ನುಂಗಿಹಾಕಿದ. ಆ ಉಸಿರನ್ನು ಮಾತ್ರ ಯಾರೂ ಬಿಡಲಿಲ್ಲ. ಪಿಟೀಲು ಕೂಡ ಅಲ್ಲಿ ನಿಲ್ಲುತ್ತದೆ, ಅದಕ್ಕೇನು ಶ್ವಾಸಕೋಶ ಇದೆಯೇ? ಅದೆಲ್ಲ ಆ ಗಾಯಕಿಯ ಪ್ರತಿಭೆ ಅಂತ ಪತ್ರಿಕೆಯವರು ಬರೆದಾಗ ಮೊದಮೊದಲು ನಗು ಬರುತ್ತಿತ್ತು, ಬರಬರುತ್ತಾ ಹೊಟ್ಟೆ ಉರಿಯತೊಡಗಿತು.

ನಿನಗೆ ಹೇಳದೆ ಇಟ್ಟ ಮಾತೊಂದಿದೆ. ಆಗೆಲ್ಲ ದೊಡ್ಡ ಗಾಯಕರು ರೆಕಾರ್ಡಿಂಗಿಗೆ ಬರುವ ಮುಂಚೆ, ಅವರು ಕೇಳಿ ಕಲಿಯಲಿ ಅಂತ ಬೇರೆಯವರಿಂದ ಟ್ರ್ಯಾಕ್ ಹಾಡಿಸಿ ಇಡುತ್ತಿದ್ದರು. ಈ ಹಾಡಿಗೆ ಹಾಗೆ ಹಾಡಿದವಳು ನಾನು. ಆಕೆ ನನ್ನದನ್ನು ಕೇಳಿ ಹಾಗೇ ಒಪ್ಪಿಸಿದರು, ನನ್ನ ತಪ್ಪನ್ನೂ ಸೇರಿಸಿ. ಆಮೇಲೆ ನನ್ನ ದನಿ ಅಳಿಸಿದರು. ಎಲ್ಲೂ ಬಾಯಿ ಬಿಡಬೇಡಿ ಅಂದಿದ್ದರು, ನಾನೂ ಬಿಡಲಿಲ್ಲ. ಎಂಥ ಪೆದ್ದಿ ನಾನು ಅಂತ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದೇ ಆಗುತ್ತದೆ ಕಂದಾ.

ನಿನ್ನ
ಅಮ್ಮ

ಮರೆತ ಮಾತು: ಟೈಲರ್ ಬಾಗಿಲಲ್ಲೇ ನಿಂತು "ಬಸ್ಸು ಹೋಗ್ಬಿಡುತ್ತೆ ಅಕ್ಕಾ" ಅನ್ನುತ್ತಿದ್ದಾರೆ. ಆ ಟ್ರ್ಯಾಕ್ ಹಾಡಿದಾಗ ನಾನು ಆರು ತಿಂಗಳ ಬಸುರಿ. ಎರಡನೇ ಸಾಲಿನ ನಡುವೆ ನೀನು ಒಳಗಿನಿಂದ ಒದ್ದೆ, ನನ್ನ ಉಸಿರು ಸಿಕ್ಕಿಕೊಂಡಿತು, ಅಷ್ಟೇ. ರಾಗ ಹಾಕಿದವರು ಅಲ್ಲಿ ಏನೂ ಇಟ್ಟಿರಲಿಲ್ಲ. ನಾಳೆ ನೀನು ನಿಲ್ಲಬೇಡ, ಒಂದೇ ಉಸಿರಿಗೆ ಹಾಡಿಬಿಡು. ಯಾರು ಹೇಳಿಕೊಟ್ಟರು ಅಂತ ಕೇಳಿದರೆ, ಇದನ್ನು ಮೊದಲು ಹಾಡಿದವರು ಅನ್ನು.