ಬೂಟಿನೊಳಗಿನ ಡಬ್ಬಿಯೂ ಸಿಕ್ಕಿತು

ತೂರೆ,

ಪಾಳಿಗೆ ಹೊರಟೆ. ಒಲೆ ಮೇಲೆ ಬಟಾಣಿ ಸೂಪಿದೆ, ಬಿಸಿ ಮಾಡಿಕೊ.

ರಕ್ತ ತೆಳುವಾಗಿಸುವ ಸೂಜಿ ಎಂಟು ಗಂಟೆಗೆ. ಇವತ್ತು ಹೊಟ್ಟೆಯ ಎಡಗಡೆ ಚುಚ್ಚಿಕೊ, ಉಜ್ಜಬೇಡ.

ತೊಡೆಯಿಂದ ತೆಗೆದು ಕೈಗೆ ಹೊಲಿದಿರುವ ಚರ್ಮವನ್ನು ಗಂಟೆಗೊಮ್ಮೆ ನೋಡು. ಗುಲಾಬಿ ಬಣ್ಣವಿದ್ದರೆ ಸರಿ. ನೀಲಿಯಾದರೆ ನನಗಾಗಿ ಕಾಯದೆ ವಾರ್ಡಿಗೆ ಫೋನ್ ಮಾಡು. ಅದು ಸತ್ತರೆ ಹೆಬ್ಬೆರಳೂ ಹೋಗುತ್ತೆ.

ನಿನ್ನ ಸ್ನೂಸ್ ಡಬ್ಬಿಗಳನ್ನೆಲ್ಲ ಒಯ್ದಿದ್ದೇನೆ. "ಡಾಕ್ಟರು ಬೇಡ ಅಂದಿದ್ದು ಸಿಗರೇಟು ಕಣಕ್ಕಾ, ತುಟಿಯೊಳಗಿಟ್ಟ ತಂಬಾಕಿನಲ್ಲಿ ಹೊಗೆ ಎಲ್ಲಿದೆ?" ಅಂದೆಯಲ್ಲ, ವಾರ್ಡಿನಲ್ಲಿ ವಿಚಾರಿಸಿದೆ. ಹೊಗೆ ಇಲ್ಲದಿದ್ದರೂ ತಂಬಾಕು ರಕ್ತನಾಳ ಹಿಂಡುತ್ತಂತೆ. ಸೂಜಿ ರಕ್ತ ಹೆಪ್ಪುಗಟ್ಟದಂತೆ ತಡೆದೀತು, ನಾಳವೇ ಮುದುಡಿದರೆ ಅದೇನು ಮಾಡೀತು, ಪೆದ್ದ?

ಮಧ್ಯಾಹ್ನ ಮಿಲ್ಲಿನ ಮೇಸ್ತ್ರಿ ಲುಂಡ್ವಾಲ್ ನಿನ್ನನ್ನು ನೋಡಲು ಬರುತ್ತಾನಂತೆ. ಬರಿಗೈಲಿ ಬರುವವನಲ್ಲ, ಹೊಸ ಡಬ್ಬಿ ತಂದೇ ತರುತ್ತಾನೆ. ಕೆಲಸ ಬೇಗ ಸಾಗಲಿ ಅಂತ ನಿನ್ನ ಕೈ ಕೊಯ್ದ ಗರಗಸದ ರಕ್ಷಣೆಯ ಮರೆ ಬಿಚ್ಚಿಸಿದವನು ಅವನೇ, ಮರೆಯಬೇಡ. ಡಬ್ಬಿ ವಾಪಸು ಕೊಡು. ಕಾಫಿ ಬೇಕಾದರೆ ಅವನೇ ಕಾಸಿಕೊಳ್ಳಲಿ. ಎದುರಿಗೆ ಕೂರಿಸಿ, ಹೊದಿಕೆ ಸರಿಸಿ, ಕೈ ತೋರಿಸು. ಮುಖ ತಿರುಗಿಸಿದರೆ, ಅವನು ತಿರುಗಿಸಿದ ಕಡೆಗೇ ಹೋಗಿ ಇನ್ನೊಂದು ಸಲ ತೋರಿಸು.

ಗುನ್ವೋರ್