ಕೊರಳಿಗೆ ಬೀಳದ ತಂಗಿ

ಸಗರ,
14 ಡಿಸೆಂಬರ್ 2025, ಐತವಾರ

ಪ್ರೀತಿಯ ಮಾನಮ್ಮಕ್ಕಗ, ನಿನ್ನ ತಂಗಿ ದುರಗಿಯ ನಮಸ್ಕಾರ.

ಇಲ್ಲಿ ನಾವೆಲ್ಲಾ ಆರಾಮ ಅದೀವಿ ಅಂತ ಮೊದಲ ಬರಿಬೇಕಂತ. ನಾ ಆರಾಮ ಇಲ್ಲ, ಅದಕ್ಕ ಬರಿಯಂಗಿಲ್ಲ. ನಿಮ್ಮತ್ತಿ ತೀರಿಕೊಂಡು ದಿನಾ-ಕರ್ಮ ಮುಗಿದಾಗಿಂದ ನೀ ನನ್ನ ಫೋನ್ ಎತ್ತವಲ್ಲಿ. ಹಿಂಗಾಗಿ ಕಾಗದ ಬರ್ಯಾಕತ್ತೀನಿ. ಭಾವನ ಕೈಗೆ ಕೊಟ್ಟು ಓದಿಸಬ್ಯಾಡ, ನೀನೇ ಓದು.

ಸಿಟ್ಟು ನಿನಗಷ್ಟೇ ಬರ್ತದೇನು? ನಂಗೂ ಬಂದದ. ಏನ್ ತಪ್ಪು ಮಾಡೀನಿ ನಾ? ನಿಮ್ಮತ್ತಿ ತೀರಿಕೊಂಡ ಸುದ್ದಿ ಕೇಳಿ ಸಾಲಿಗೆ ರಜಾ ಹಾಕಿ, ಸುರಪುರದಾಗ ಬಸ್ ಬದಲಿಸಿ ಕಕ್ಕೇರಾಕ್ಕ ಓಡಿ ಬಂದೆ. ಅಂಗಳ ತುಂಬ ಹೆಣ್ಣುಮಕ್ಕಳು. ಬಂದವರೆಲ್ಲಾ ನಿನ್ನ ಕೊರಳಿಗೆ ಬಿದ್ದು, ಸತ್ತಾಕಿ ಗುಣ ಹಾಡ್ಯಾಡಿ ಅಳಾಕತ್ತಿದ್ದರು. ನೀ ನನ್ನ ಕಂಡು ಎರಡೂ ಕೈ ಚಾಚಿದಿ. ನಂಗ ಆಗಲಿಲ್ಲ ಅಕ್ಕಾ. ಆ ಗದ್ದಲ, ಆ ಬೆವರು, ಮೈಗೆ ಮೈ... ಒಳಗ ಎದಿ ಒಡದಂಗ ಆಗಿತ್ತು, ಕಣ್ಣಾಗ ಮಾತ್ರ ಹನಿ ನೀರಿಲ್ಲ. ಬಾಗಲಿಗೆ ಹೋಗಿ, ಬಂದವರ ಚಪ್ಪಲಿ ಜೋಡಿ ಜೋಡಿ ಮಾಡಿ ಪಾಳಿ ಹಚ್ಚಿ ಇಡಾಕ ಕುಂತೆ. ಆಗ ಉಸಿರು ಸರಳ ಆತು.

ನಿನ್ನ ನೆಗೆಣ್ಣಿ ಹಣಮಂತಮ್ಮ ಎಲ್ಲಾರ ಮುಂದ, ಇದೇನು ಕಲ್ಲು ಎದಿ ಯವ್ವಾ ಈಕಿದು ಅಂದಳು. ನೀ ತಟ್ಟನ, ಅಕಿಗೆ ಜ್ವರ ಬಂದಾವ, ಅದಕ್ಕ ದೂರ ಕುಂತಾಳ ಅಂದಿ. ಜ್ವರ ಇರಲಿಲ್ಲಲ್ಲ! ನಾ ಕುಂತಲ್ಲಿಂದಲೇ, ಜ್ವರ ಇಲ್ಲ, ತಬ್ಬಿಕೊಳ್ಳೋದು ನಂಗ ಆಗಂಗಿಲ್ಲ ಅಂತ ಕೂಗಿ ಹೇಳಿದೆ. ಅಳು ಅರ್ಧಕ್ಕ ನಿಂತು ಎಲ್ಲಾರೂ ನಮ್ಮಿಬ್ಬರ ಮಾರಿ ನೋಡಿದರು. ಅತ್ತಿ ಮನ್ಯಾಗ ನನ್ನ ಮಾನ ಕಳದಿ ಅಂತ ನೀ ಹಲ್ಲು ಕಡದಿ. ಖರೇ ಹೇಳಿದ್ದು ತಪ್ಪೇನು? ಯಾರಾದರೂ ಬಿಡಿಸಿ ಹೇಳ್ರೆಪಾ, ತಲಿ ಚಿಟ್ಟು ಹಿಡದದ.

ಇದಾದ ಮ್ಯಾಲೆ ಯಾದಗಿರಿಯಾಗ ನಮ್ಮ ಸಾಲಿ ಮಾಸ್ತರಗೋಳಿಗೆ ಒಂದು ತರಬೇತಿ ಇತ್ತು. ಅರ್ಜುಮಂದ ಅಂತ ಒಬ್ಬರು ಮೇಡಂ, ಆಟಿಸಂ ಇರೋ ಮಕ್ಕಳನ್ನ ಹೆಂಗ ಗುರುತು ಹಿಡಿಬೇಕು ಅಂತ ಹೇಳಾಕತ್ತಿದ್ದರು. ಗದ್ದಲಕ್ಕ ಕಿವಿ ಮುಚ್ಕೊಳ್ಳೋದು, ಸಾಮಾನು ಪಾಳಿ ಹಚ್ಚೋದು, ಯಾರರ ಮುಟ್ಟಿದರ ಸರಕೊಳ್ಳೋದು. ಅಯ್ಯ ಶಿವನ, ಇವರು ಯಾವ ಮಗುಂದೂ ಅಲ್ಲ, ನಂದೇ ಹೇಳಾಕತ್ತಾರ ಅನಿಸಿತು. ಊಟದ ಹೊತ್ತಿನಾಗ ಹೋಗಿ ಕೇಳಿದೆ. ದೊಡ್ಡವರಿಗೂ ಇರ್ತದ, ಸಣ್ಣವರಿದ್ದಾಗ ಯಾರೂ ಗುರುತು ಹಿಡಿದಿರಂಗಿಲ್ಲ, ಕಲಬುರಗಿಯಾಗ ನೋಡೋ ಡಾಕ್ಟರ್ ಅದಾರ ಅಂದರು.

ನಮ್ಮನಿಯವರಿಗೆ ಹೇಳಿದರ ನಕ್ಕರು. ಇಷ್ಟು ವರ್ಷ ಸಂಸಾರ ಮಾಡೀದಿ, ನೌಕರಿ ಮಾಡೀದಿ, ಈಗ ಅದಕ್ಕೊಂದು ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ತೀಯೇನು ಅಂದರು. ನಿನಗ ಮೆಸೇಜ್ ಹಾಕಿದರ ನೀ ಬರದದ್ದು ಒಂದೇ ಸಾಲು: ತಲಿ ಕೆಟ್ಟವರ ಡಾಕ್ಟರ್ ಕಡಿ ಹೋದರ ಊರೆಲ್ಲಾ ಗುಲ್ಲಾಗ್ತದ, ಸುಮ್ಕಿರು ಅಂತ. ಸುಮ್ಕಿರು, ಸುಮ್ಕಿರು! ಹುಟ್ಟಿದಾಗಿಂದ ಸುಮ್ಕೇ ಇದ್ದೀನಿ. ಸಾಕಾಗಿ ಹೋಗ್ಯಾದ.

ನನ್ನ ಅಂಜಿಕಿ ಬ್ಯಾರೇನೇ ಅದ. ಡಾಕ್ಟರ್ ನೋಡಿ, ನಿನಗೇನೂ ಇಲ್ಲ ಅಂದರ? ಆಗ ಹಣಮಂತಮ್ಮ ಅಂದದ್ದೇ ಖರೇ ಆಗ್ತದ, ನಾ ಬರೀ ಕಲ್ಲು ಎದಿಯಾಕಿ. ಒಮ್ಮೆ ಹೋಗಬೇಕು ಅನಿಸ್ತದ, ಒಮ್ಮೆ ಬ್ಯಾಡ ಅನಿಸ್ತದ. ಇನ್ನೂ ನಿರ್ಧಾರ ಮಾಡಿಲ್ಲ. ನೀ ಬ್ಯಾಡಂದರ ಬಿಡ್ತೀನಿ.

ಹೋದರೂ ನಾ ಒಬ್ಬಾಕಿ ಹೇಳಿದರ ಸಾಲಂಗಿಲ್ಲಂತ. ಸಣ್ಣಾಕಿದ್ದಾಗ ನನ್ನ ನೋಡಿದವರು ಬಂದು ಹೇಳಬೇಕಂತ. ಅವ್ವ ಇಲ್ಲ. ಉಳಿದಾಕಿ ನೀನೇ. ಲಗ್ನದಾಗ ಭಜಂತ್ರಿ ಬಂದಾಗ ನನ್ನ ದನದ ಗ್ವಾದಲಿ ಮೂಲಿಗೆ ಎಳಕೊಂಡು ಹೋಗಿ, ನಿನ್ನ ಎರಡೂ ಅಂಗೈಯಿಂದ ನನ್ನ ಕಿವಿ ಮುಚ್ಚಿ ನಿಂದ್ರತಿದ್ದಿ. ಪಲ್ಯಾ ರೊಟ್ಟಿಗೆ ತಾಗಿದರ ನಾ ತಾಟು ದಬ್ಬತಿದ್ದೆ. ಅಕಿಗೆ ಹೊಟ್ಟಿನೋವು ಅಂತ ಅವ್ವಗ ಹೇಳಿ, ಬ್ಯಾರೆ ಬಟ್ಟಲದಾಗ ಹಾಕಿ ಕೊಡತಿದ್ದಿ. ಹೊಟ್ಟಿನೋವು, ತಲಿನೋವು, ಈಗ ಜ್ವರ. ನನ್ನ ಸಲುವಾಗಿ ಎಷ್ಟು ಸುಳ್ಳು ಹೇಳೀದಿ ಅಕ್ಕಾ! ಒಮ್ಮೆ ಖರೇ ಹೇಳು ಅಂದರ ಮಾತ್ರ ನಿನಗ ಸಿಟ್ಟು ಬರ್ತದ.

ನಿಮ್ಮತ್ತಿ ಅಂದರ ನಂಗ ಜೀವ. ನಾ ಬಂದಾಗೆಲ್ಲಾ ರೊಟ್ಟಿ ಒಂದು ತಾಟಿನಾಗ, ಪಲ್ಯಾ ಒಂದು ತಾಟಿನಾಗ ಇಟ್ಟು ಕೊಡತಿದ್ದರು, ಯಾಕ ಅಂತ ಒಂದು ದಿನಾನೂ ಕೇಳಲಿಲ್ಲ. ಅದು ನೆನಪಾಗಿ ಈಗ ಬರಕೋತ ಅಳು ಬಂದದ. ಯಾರೂ ಇಲ್ಲದಾಗೇ ಬರ್ತದ, ಏನ್ ಮಾಡ್ಲಿ.

ಬೈದರೂ ನಡೀತದ, ಮಾತಾಡು.

ನಿನ್ನ ತಂಗಿ,
ದುರಗಮ್ಮ

ತಾ.ಕ.: ನಿರ್ಧಾರ ಮಾಡಿಲ್ಲ ಅಂತ ಮ್ಯಾಲೆ ಬರದದ್ದು ಸುಳ್ಳು. ಬುಧವಾರ ಒಬ್ಬಾಕಿನೇ ಕಲಬುರಗಿಗೆ ಹೋಗಿ ಬಂದೀನಿ. ಮನಿಯಿಂದ ಯಾರು ಬರ್ತಾರ ಅಂತ ಡಾಕ್ಟರ್ ಕೇಳಿದಾಗ, ನಮ್ಮಕ್ಕ ಒಪ್ಯಾಳ, ಮುಂದಿನ ಶನಿವಾರ ಬರ್ತಾಳ ಅಂದೆ. ಅದೂ ಸುಳ್ಳೇ. ಹೇಳಿದಾಗಿಂದ ನಂಗ ಕೂಳು ಇಳಿವಲ್ದು. ನೀ ಇಷ್ಟು ವರ್ಷ ಇದನ್ನ ಹೆಂಗ ತಡಕೊಂಡಿ? ಬರೋ ಶನಿವಾರ ಮುಂಜಾನೆ ಶಹಾಪುರ ಬಸ್ ಸ್ಟ್ಯಾಂಡಿನಾಗ ನಿಂತಿರ್ತೀನಿ. ಅಲ್ಲಿ ಹಾರ್ನ್ ಬಾಳ ಜೋರು. ಬಂದ ಕೂಡಲೆ ತಬ್ಬಬ್ಯಾಡ, ಕಿವಿ ಮುಚ್ಚು.